ಮುನಸೀಫ ಕೋರ್ಟಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಪಾಠ)



ನ್ಯಾಯಾಂಗದ ಬಗೆಗೆ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂಜರಿದೆ. ಕೋರ್ಟಿನ ಮಾತು ಹಬ್ಬದ ಮನೆಗೆ ಒಗ್ಗುವಂಥದಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಒಂದು ಕನ್ನಡ ಶಾಲೆಯ ಪೋಷಕರು ನನ್ನ ಮನೆಗೆ ಬಂದು ಕೇಳಿದ ಪ್ರಶ್ನೆ ನೆನಪಾಯಿತು. ಅವರ ಮಕ್ಕಳ ತರಗತಿಗೆ ಕನ್ನಡವೇ ಬಾರದ ಶಿಕ್ಷಕರೊಬ್ಬರ ನೇಮಕವಾಗಿತ್ತು. ಶಿಕ್ಷಕರು ಒಳ್ಳೆಯವರು, ಪಾಪ, ಅವರ ತಪ್ಪೇನೂ ಇರಲಿಲ್ಲ. ಮಕ್ಕಳು ಮಾತ್ರ ಭಿನ್ನರಾಶಿಯ ಲೆಕ್ಕವನ್ನು ಕೈಸನ್ನೆಯಲ್ಲಿ ಕಲಿಯಬೇಕಾಗಿ ಬಂದಿತ್ತು. ಪೋಷಕರ ಪ್ರಶ್ನೆ ಇಷ್ಟೇ: "ನಾವು ಹೋಗಬೇಕಾದ್ದು ಎಲ್ಲಿಗೆ? ಕಾಸರಗೋಡಿನ ಕೋರ್ಟಿಗೋ, ಎರ್ನಾಕುಳಕ್ಕೋ, ದೆಹಲಿಗೋ?" ಈ ಹೊತ್ತಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ ಹೇಳುವ ಪ್ರಯತ್ನ. ದಾರಿ ಸ್ವಲ್ಪ ಸುತ್ತು, ಸಹಿಸಿಕೊಳ್ಳಬೇಕು.

ನನ್ನ ಅಜ್ಜನದೊಂದು ವ್ಯಾಜ್ಯವಿತ್ತು. ಅಡಿಕೆ ತೋಟಕ್ಕೆ ನೀರು ಹರಿಯುವ ತೋಡಿನ ಹಕ್ಕಿನ ಬಗೆಗೆ ನೆರೆಯವರೊಡನೆ ನಡೆದ ತಕರಾರು. ಕಾಸರಗೋಡಿನ ಮುನಸೀಫ ಕೋರ್ಟಿನಲ್ಲಿ ಅಜ್ಜನಿಗೆ ಸೋಲಾಯಿತು. ಮಂಗಳೂರಿಗೆ ಅಪೀಲು ಹೋಯಿತು. ಆಗ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅಲ್ಲಿಯೂ ಸೋತರೆ ಮುಂದಿನದು ಮದರಾಸಿನ ಹೈಕೋರ್ಟು. ಅಪೀಲು ವಿಚಾರಣೆಗೆ ಕಾಯುತ್ತಿದ್ದಾಗಲೇ 1956ರ ನವೆಂಬರ್ 1 ಬಂತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಜ್ಜನ ಕಡತ ಮಂಗಳೂರಿನಿಂದ ತಲಶ್ಶೇರಿಗೆ ಹೋಯಿತು. ಅದರ ಮೇಲಿನ ಹೈಕೋರ್ಟು ಎರ್ನಾಕುಳದ್ದಾಯಿತು. "ನಾನು ಜಗಲಿಯಿಂದ ಕೆಳಗಿಳಿದಿಲ್ಲ, ಕೋರ್ಟೇ ಊರು ಬಿಟ್ಟು ಹೋಯಿತು" ಎಂದು ಅಜ್ಜ ಬಂದವರೊಡನೆಲ್ಲ ಹೇಳುತ್ತಿದ್ದರಂತೆ. ಮಂಗಳೂರಿನ ಕೋರ್ಟಿಗೆ ಬೆಳಗ್ಗೆ ಹೋದವರು ಸಂಜೆ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದರು. ಎರ್ನಾಕುಳವೆಂದರೆ ಒಂದು ರಾತ್ರಿಯ ರೈಲು ಪ್ರಯಾಣ.

ಈ ಅನುಭವ ನಮ್ಮದು ಮಾತ್ರವಲ್ಲ. ಆದವಾನಿ, ರಾಯದುರ್ಗಗಳ ಕನ್ನಡಿಗರ ಕಡತಗಳು ಮದರಾಸಿನಿಂದ ಗುಂಟೂರಿಗೆ, ಗುಂಟೂರಿನಿಂದ ಹೈದರಾಬಾದಿಗೆ, 2019ರ ಬಳಿಕ ಅಮರಾವತಿಗೆ ಪ್ರಯಾಣ ಮಾಡಿವೆ. ಸೊಲ್ಲಾಪುರ, ಜತ್ತ ಭಾಗದವರು ಮುಂಬಯಿಗೇ ಹೋಗಬೇಕಿತ್ತು. 2025ರ ಆಗಸ್ಟಿನಲ್ಲಿ ಕೊಲ್ಲಾಪುರದಲ್ಲಿ ಸಂಚಾರಿ ಪೀಠ ಆರಂಭವಾದ ಮೇಲೆ ಅವರ ದಾರಿ ಹತ್ತಿರವಾಗಿದೆ.

ಆದರೆ ಅಜ್ಜನ ಕಡತದಲ್ಲಿ ಬದಲಾಗದ ಸಂಗತಿಯೊಂದಿತ್ತು. ಅದು ನನಗೆ ಹೊಳೆದದ್ದು ವಕೀಲನಾದ ಎಷ್ಟೋ ವರ್ಷಗಳ ಮೇಲೆ. ನಡುವಿನ ಎರಡು ಮೆಟ್ಟಿಲುಗಳು ಬೇರೆಯಾದರೂ ಏಣಿ ಅದೇ ಆಗಿತ್ತು. ಮೇಲ್ತುದಿಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಕೆಳತುದಿಯಲ್ಲಿ ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆ. ಇದು ತಾನಾಗಿ ಆದದ್ದಲ್ಲ, ನಮ್ಮ ಸಂವಿಧಾನಕಾರರು ಆಲೋಚಿಸಿ ಮಾಡಿದ ಆಯ್ಕೆ.

ಅಮೆರಿಕದ ಒಕ್ಕೂಟದಲ್ಲಿ ಏಣಿಗಳು ಎರಡು. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಕೋರ್ಟುಗಳು, ತನ್ನದೇ ಮೇಲಿನ ಕೋರ್ಟು. ಅದರ ಪಕ್ಕದಲ್ಲಿ ಕೇಂದ್ರದ ಏಣಿ ಪ್ರತ್ಯೇಕ: 94 ಜಿಲ್ಲಾ ನ್ಯಾಯಾಲಯಗಳು, 13 ಮೇಲ್ಮನವಿ ನ್ಯಾಯಾಲಯಗಳು, ಎಲ್ಲದರ ಮೇಲೆ ಒಂಬತ್ತು ಮಂದಿಯ ಸುಪ್ರೀಂ ಕೋರ್ಟು. ರಾಜ್ಯದ ಕಾನೂನಿನ ವ್ಯಾಜ್ಯ ಸಾಮಾನ್ಯವಾಗಿ ರಾಜ್ಯದ ಏಣಿಯಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಹಾಗಿಲ್ಲ. ಕೇರಳದ ವಿಧಾನಸಭೆ ಮಾಡಿದ ಕಾನೂನನ್ನೂ ಸಂಸತ್ತು ಮಾಡಿದ ಕಾನೂನನ್ನೂ ಅದೇ ಮುನಸೀಫರು, ಅದೇ ಜಿಲ್ಲಾ ನ್ಯಾಯಾಧೀಶರು, ಅದೇ ಹೈಕೋರ್ಟು ನೋಡುತ್ತವೆ. 1948ರ ನವೆಂಬರ್ 4ರಂದು ಕರಡನ್ನು ಸಂವಿಧಾನ ಸಭೆಯ ಮುಂದಿಟ್ಟಾಗ ಡಾ. ಅಂಬೇಡ್ಕರರು ಈ ಮಾತನ್ನು ಒತ್ತಿ ಹೇಳಿದ್ದರು: ನಮ್ಮಲ್ಲಿ ಸರ್ಕಾರಗಳು ಎರಡು ಸ್ತರದವಾದರೂ ನ್ಯಾಯಾಂಗ ಎರಡಲ್ಲ.

ಅದಕ್ಕೂ ಮೊದಲು ದೆಹಲಿಯಲ್ಲಿ ಒಂದು ಫೆಡರಲ್ ಕೋರ್ಟು ಇತ್ತೆಂಬುದನ್ನು ಈಗ ನೆನೆಯುವವರು ಕಡಿಮೆ. 1935ರ ಕಾಯಿದೆಯ ಪ್ರಕಾರ 1937ರ ಅಕ್ಟೋಬರ್ 1ರಂದು ಅದು ಆರಂಭವಾಯಿತು. ಸರ್ ಮಾರಿಸ್ ಗ್ವಯರ್ ಮುಖ್ಯ ನ್ಯಾಯಮೂರ್ತಿ. ಅವರೊಡನೆ ಶಾ ಸುಲೈಮಾನ್ ಮತ್ತು ಎಂ. ಆರ್. ಜಯಕರ್. ಅದರ ಕೈ ಬಹಳ ಗಿಡ್ಡ. ಪ್ರಾಂತಗಳ ನಡುವಿನ ತಕರಾರು, 1935ರ ಕಾಯಿದೆಯ ಅರ್ಥದ ಪ್ರಶ್ನೆ, ಹೆಚ್ಚಾಗಿ ಇವಷ್ಟೇ ಅದರ ಪಾಲು. ನನ್ನ ಅಜ್ಜನ ತೋಡಿನಂಥ ವ್ಯಾಜ್ಯ ಮದರಾಸಿನಿಂದ ಮೇಲಕ್ಕೆ ಹೋಗುವುದಿದ್ದರೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಬೇಕಿತ್ತು. 1949ರ ಅಕ್ಟೋಬರಿನಲ್ಲಿ ಆ ದಾರಿ ಮುಚ್ಚಿತು. 1950ರ ಜನವರಿ 28ರಂದು ಎಂಟು ನ್ಯಾಯಮೂರ್ತಿಗಳ ಬಲದೊಡನೆ ಸರ್ವೋಚ್ಚ ನ್ಯಾಯಾಲಯದ ಉದ್ಘಾಟನೆಯಾಯಿತು. 2019ರ ಹೊತ್ತಿಗೆ ಆ ಬಲ 34ಕ್ಕೇರಿದೆ. ಅದರ ಕೆಳಗೆ 25 ಹೈಕೋರ್ಟುಗಳು. ಪ್ರತಿ ಹೈಕೋರ್ಟಿನ ಕೆಳಗಿರುವ ಜಿಲ್ಲಾ ಮತ್ತು ಮುನಸೀಫ ಕೋರ್ಟುಗಳ ಮೇಲಿನ ಹತೋಟಿ 235ನೆಯ ವಿಧಿಯಂತೆ ಹೈಕೋರ್ಟಿನದು, ಮಂತ್ರಿಗಳದ್ದಲ್ಲ. ಸರ್ವೋಚ್ಚ ನ್ಯಾಯಾಲಯ ಘೋಷಿಸಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಬದ್ಧ ಎಂಬುದು 141ನೆಯ ವಿಧಿಯ ಮಾತು. ಈ ಸಂವಿಧಾನ ಸಭೆಗೆ ಸಲಹೆಗಾರರಾಗಿ, 1947ರ ಕೊನೆಯಲ್ಲಿ ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಡನೆ ಚರ್ಚಿಸಿ ಬಂದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಈಗ ಏಣಿಯ ಮೇಲ್ತುದಿಯ ಮಾತು. ಅದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಎಡನೀರು ಮಠಕ್ಕೆ ಹೋದರೆ ಸಾಕು.

ಎಡನೀರಿನ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳನ್ನು ನಾವು ಯಕ್ಷಗಾನದ ಭಾಗವತಿಕೆ ಹಾಡುವವರಾಗಿ, ಕನ್ನಡ ಶಾಲೆಗಳ ಪೋಷಕರಾಗಿ ಬಲ್ಲೆವು. ಭಾರತದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯನ್ನು ಕೇಳಿದರೂ ಆ ಹೆಸರು ಗೊತ್ತು. ಎಡನೀರು ಎಲ್ಲಿದೆಯೆಂದು ಮಾತ್ರ ಗೊತ್ತಿಲ್ಲ! ಕೇರಳದ ಭೂಸುಧಾರಣಾ ಕಾನೂನಿಗೆ 1969ರಲ್ಲಿ ಆದ ತಿದ್ದುಪಡಿಯಿಂದ ಮಠದ ಭೂಮಿ ಕೈಬಿಡುವಂತಾಯಿತು. 1970ರ ಮಾರ್ಚ್ 21ರಂದು ಸ್ವಾಮಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ನೇರವಾಗಿ ಅರ್ಜಿ ಹಾಕಿದರು. ಮುನಸೀಫರ ಮೂಲಕವಲ್ಲ, ಹೈಕೋರ್ಟಿನ ಮೂಲಕವೂ ಅಲ್ಲ. ಮೂಲಭೂತ ಹಕ್ಕಿಗೆ ಭಂಗ ಬಂದಾಗ ಯಾವ ವ್ಯಕ್ತಿಯೂ ಹೀಗೆ ಏಣಿಯ ಎಲ್ಲ ಮೆಟ್ಟಿಲುಗಳನ್ನು ದಾಟಿ ದೆಹಲಿಯ ಬಾಗಿಲು ತಟ್ಟಬಹುದು. ಅದು 32ನೆಯ ವಿಧಿ ಕೊಟ್ಟ ಹಕ್ಕು. ಇಡೀ ಸಂವಿಧಾನದ ಹೃದಯವೂ ಆತ್ಮವೂ ಈ ವಿಧಿಯೇ ಎಂದು ಅಂಬೇಡ್ಕರರು ಭಾವಿಸಿದ್ದರು.

ಅರ್ಜಿ ಬಾಕಿಯಿದ್ದಾಗಲೇ ಸಂಸತ್ತು ಸಂವಿಧಾನವನ್ನೇ ತಿದ್ದಿತು. ಪ್ರಶ್ನೆ ಎಡನೀರಿನ ಗದ್ದೆಯಿಂದ ಮೇಲೆದ್ದು, ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬಲ್ಲಿಗೆ ಹೋಯಿತು. ಹದಿಮೂರು ನ್ಯಾಯಮೂರ್ತಿಗಳ ಪೀಠ ಕುಳಿತಿತು. ಅದಕ್ಕಿಂತ ದೊಡ್ಡ ಪೀಠ ಮೊದಲೂ ಇಲ್ಲ, ಅನಂತರವೂ ಇಲ್ಲ. 68 ದಿನಗಳ ವಾದ. ಸ್ವಾಮಿಗಳ ಪರವಾಗಿ ನಾನಿ ಪಾಲ್ಖಿವಾಲಾ. 1973ರ ಏಪ್ರಿಲ್ 24ರಂದು ಏಳು ಆರರ ಬಹುಮತದಿಂದ ತೀರ್ಪು ಬಂತು: ತಿದ್ದುವ ಅಧಿಕಾರ ಸಂಸತ್ತಿಗೆ ಉಂಟು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ. ಬಹುಮತದ ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕವಡೂರಿನವರಾದ ಕೆ. ಎಸ್. ಹೆಗ್ಡೆಯವರು. ಅರ್ಜಿದಾರರೂ ನ್ಯಾಯಮೂರ್ತಿಯೂ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರೇ; ನಡುವೆ 1956ರ ಗೆರೆಯೊಂದು ಬಂದು, ಒಬ್ಬರು ಕೇರಳದವರಾಗಿ ಇನ್ನೊಬ್ಬರು ಮೈಸೂರಿನವರಾಗಿ ದೆಹಲಿಯಲ್ಲಿ ಎದುರುಬದುರಾದರು. ತೀರ್ಪಿನ ಬೆನ್ನಿಗೇ ಹೆಗ್ಡೆಯವರನ್ನೂ ಶೆಲಾತ್, ಗ್ರೋವರ್ ಎಂಬಿಬ್ಬರು ಹಿರಿಯರನ್ನೂ ಹಿಂದೆ ಸರಿಸಿ, ಅವರಿಗಿಂತ ಕಿರಿಯರಾದ ಎ. ಎನ್. ರೇಯವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಬರೆದ ಅಧಿಕಾರ ಒಂದು, ಅದನ್ನು ಬಳಸಿದವರು ತೆರುವ ಬೆಲೆ ಇನ್ನೊಂದು.

ಮಠದ ಭೂಮಿಯ ಗತಿ? ಆ ಕಾನೂನುಗಳಿಗೆ ರಕ್ಷೆ ಕೊಟ್ಟ 29ನೆಯ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಸ್ವಾಮಿಗಳಿಗೆ ಭೂಮಿ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವರು ದೈವಾಧೀನರಾದಾಗ ದೇಶದ ಪತ್ರಿಕೆಗಳೆಲ್ಲ ಅವರನ್ನು ನೆನೆದದ್ದು ಅವರು ಗೆಲ್ಲದ ಮೊಕದ್ದಮೆಗಾಗಿ.

ಇನ್ನು ನಮ್ಮ ಪೋಷಕರ ಪ್ರಶ್ನೆಗೆ ಮರಳೋಣ. ಎಡನೀರಿನ ದಾರಿ ಅವರಿಗೂ ಉಂಟೇ? ಇಲ್ಲಿ ಸೂಕ್ಷ್ಮವೊಂದಿದೆ. 32ನೆಯ ವಿಧಿ ಮೂಲಭೂತ ಹಕ್ಕುಗಳಿಗೆ ಮಾತ್ರ. ಹೈಕೋರ್ಟಿಗೆ ಅಧಿಕಾರ ಕೊಡುವ 226ನೆಯ ವಿಧಿಯಾದರೋ, ಮೂಲಭೂತ ಹಕ್ಕುಗಳಿಗೂ 'ಬೇರೆ ಯಾವುದೇ ಉದ್ದೇಶಕ್ಕೂ' ಸಲ್ಲುತ್ತದೆ. ಅಂದರೆ ರಿಟ್ಟಿನ ಮಟ್ಟಿಗೆ ಎರ್ನಾಕುಳದ ಕೈ ದೆಹಲಿಯದಕ್ಕಿಂತ ಉದ್ದ. ಇದು ನಮಗೇಕೆ ಮುಖ್ಯ? ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುವ 350ಎ ವಿಧಿ ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಅದೂ, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುವ 350ಬಿ ವಿಧಿಯೂ ಸಂವಿಧಾನಕ್ಕೆ ಸೇರಿದ್ದು 1956ರ ಏಳನೆಯ ತಿದ್ದುಪಡಿಯಿಂದ, ನಮ್ಮ ಮೇಲೆ ಗೆರೆ ಎಳೆದ ಅದೇ ನವೆಂಬರ್ 1ರಂದು. ಗೆರೆಯ ಆಚೆ ಉಳಿಯುವವರ ನೆನಪು ಗೆರೆ ಎಳೆದವರಿಗೆ ಇಲ್ಲದಿರಲಿಲ್ಲ.

ಶಾಲೆಯನ್ನು ನಡೆಸುವವರ ಹಕ್ಕಾದರೋ ಮೂಲಭೂತ ಹಕ್ಕೇ. 30ನೆಯ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು. ಇದರ ಅರ್ಥ ಮೊದಲಿಗೆ ವಿಸ್ತಾರವಾಗಿ ಚರ್ಚೆಯಾದದ್ದು ಕೇರಳದ ನಿಮಿತ್ತದಿಂದಲೇ. 1957ರಲ್ಲಿ ಇಲ್ಲಿನ ವಿಧಾನಸಭೆ ಒಪ್ಪಿದ ಶಿಕ್ಷಣ ಮಸೂದೆಗೆ ಸಹಿ ಹಾಕುವ ಮುನ್ನ ರಾಷ್ಟ್ರಪತಿಗಳು 143ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ಸಲಹೆ ಕೇಳಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಅನುದಾನ ಕೊಡುವ ಸರ್ಕಾರ ನ್ಯಾಯವಾದ ಷರತ್ತು ಹಾಕಬಹುದು, ಏಕೆಂದರೆ ನಡೆಸುವ ಹಕ್ಕು ಕೆಟ್ಟದಾಗಿ ನಡೆಸುವ ಹಕ್ಕಲ್ಲ. ಆದರೆ ಅನುದಾನ ಬೇಕಿದ್ದರೆ ಹಕ್ಕನ್ನೇ ಬಿಟ್ಟುಕೊಡಿ ಎನ್ನುವಂತಿಲ್ಲ. ನಮ್ಮಂಥ ಅನುದಾನಿತ ಶಾಲೆಗಳಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಅಲ್ಪಸಂಖ್ಯಾತರೆಂದರೆ ಯಾರು? ಮಂಜೇಶ್ವರದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಕನ್ನಡ ಕಲಿತವರೇ ಹೆಚ್ಚು; ಅಲ್ಲಿನವರಿಗೆ ಈ ಮಾತು ಕಿವಿಗೆ ಒಗ್ಗುವುದಿಲ್ಲ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥಪಡಿಸಿತು: ರಾಜ್ಯಗಳು ಭಾಷೆಯ ಆಧಾರದ ಮೇಲೆ ರಚಿತವಾದುದರಿಂದ, ಲೆಕ್ಕ ಹಾಕಬೇಕಾದ್ದು ಇಡೀ ರಾಜ್ಯವನ್ನು ಹಿಡಿದು, ಹಳ್ಳಿಯನ್ನಲ್ಲ, ದೇಶವನ್ನೂ ಅಲ್ಲ. ಹೀಗಾಗಿ ತಲಪಾಡಿಯ ಗಡಿಯಾಚೆ ಕನ್ನಡ ಶಾಲೆ ನಡೆಸುವವನಿಗೆ ಇಲ್ಲದ 30ನೆಯ ವಿಧಿಯ ರಕ್ಷೆ, ಈಚೆ ನಡೆಸುವ ಅವನ ಅಣ್ಣನಿಗೆ ಉಂಟು. ಆಚೆಯವರಿಗೆ ಸರ್ಕಾರವಿದೆ, ನಮಗೆ ವಿಧಿಯಿದೆ ಎಂದು ನಮ್ಮ ಕೋರ್ಟಿನ ಹಿರಿಯ ವಕೀಲರೊಬ್ಬರು ನಗುತ್ತ ಹೇಳುತ್ತಿದ್ದರು.

ಕೋರ್ಟಿನಿಂದ ಆಗದ ಕೆಲಸಗಳೂ ಇವೆ. ಅವನ್ನು ಹೇಳದಿದ್ದರೆ ನಿಮ್ಮನ್ನು ದಾರಿ ತಪ್ಪಿಸಿದಂತೆ. ನಮ್ಮ ಹಿರಿಯರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತು: ಮಹಾಜನ್ 'ತೀರ್ಪು' ಕೊಟ್ಟರೂ ಜಾರಿಯಾಗಲಿಲ್ಲ. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮೆಹರ್ ಚಂದ್ ಮಹಾಜನರು ಬರೆದದ್ದು ನಿಜ. ಅವರು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದವರೆಂಬುದೂ ನಿಜ. ಆದರೆ ಆಗ ಅವರು ಕುಳಿತದ್ದು ನ್ಯಾಯಪೀಠದಲ್ಲಲ್ಲ, ಕೇಂದ್ರ ಸರ್ಕಾರ ನೇಮಿಸಿದ ಆಯೋಗದಲ್ಲಿ. ಆಯೋಗ ಕೊಡುವುದು ಶಿಫಾರಸು. ಅದನ್ನು ಅಮಲಿಗೆ ತರುವಂತೆ ಅಮೀನನನ್ನು ಕಳುಹಿಸಲು ಬರುವುದಿಲ್ಲ. ಗಡಿಯನ್ನು ಬದಲಿಸುವ ಅಧಿಕಾರವನ್ನು 3ನೆಯ ವಿಧಿ ಸಂಸತ್ತಿಗೆ ಕೊಟ್ಟಿದೆ. ರಾಜ್ಯ ರಾಜ್ಯಗಳ ತಕರಾರನ್ನು 131ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯ ನೇರವಾಗಿ ಕೇಳಬಹುದು. ಬೆಳಗಾವಿಯ ಬಗೆಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಅಂಥದು, ಅದಿನ್ನೂ ತೀರ್ಮಾನವಾಗಿಲ್ಲ. ಆ ಬಾಗಿಲು ಸರ್ಕಾರಗಳಿಗೆ ಮಾತ್ರ. ನಾನಾಗಲಿ ನೀವಾಗಲಿ ಅದರಲ್ಲಿ ಹೋಗಲಾರೆವು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬಾಳಿನುದ್ದಕ್ಕೂ ಹಂಬಲಿಸಿದ ವಿಲೀನ ಕೋರ್ಟಿನಿಂದ ಬರತಕ್ಕದ್ದಾಗಿರಲಿಲ್ಲ.

ಇನ್ನೊಂದು ಮಿತಿ ನಮ್ಮ ಮನೆಯೊಳಗಿನದು. ಕರ್ನಾಟಕ ಸರ್ಕಾರ ಪ್ರಾಥಮಿಕ ಶಾಲೆಗಳಲ್ಲಿ ತಾಯ್ನುಡಿಯ ಮಾಧ್ಯಮವನ್ನು ಕಡ್ಡಾಯ ಮಾಡಲು ಹೊರಟಾಗ, 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬ ಆಯ್ಕೆ ಹೆತ್ತವರದು ಎಂದಿತು. ಆ ತೀರ್ಪು ನನಗೆ ಹಿಡಿಸಿಲ್ಲ. ಈ ಶಾಲೆಯಲ್ಲಿ ಓದಿದವನಿಗೆ ಹಿಡಿಸುವುದೂ ಕಷ್ಟ. ಆದರೂ ಅದು 141ನೆಯ ವಿಧಿಯಂತೆ ನನ್ನ ಮೇಲೂ ಬದ್ಧ. ಶಾಲೆಯನ್ನು ನಡೆಸುವ ಹಕ್ಕನ್ನು ಕೋರ್ಟು ಕಾಯಬಲ್ಲದು, ಒಂದನೆಯ ತರಗತಿಯ ಬೆಂಚುಗಳನ್ನು ತುಂಬಿಸಲಾರದು. ಹೆತ್ತವರೇ, ಅದು ನಿಮ್ಮ ಕೈಯಲ್ಲಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಭಾಷೆಯ ತೊಡಕು ಕೋರ್ಟಿನೊಳಗೂ ಉಂಟು. 348ನೆಯ ವಿಧಿಯಂತೆ ಹೈಕೋರ್ಟಿನದೂ ಸರ್ವೋಚ್ಚ ನ್ಯಾಯಾಲಯದ್ದೂ ಇಂಗ್ಲಿಷ್. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮವಿದೆ. ಅದನ್ನು ಕೇಳಿ ಪಡೆಯಬೇಕು. 2019ರಿಂದ ಸರ್ವೋಚ್ಚ ನ್ಯಾಯಾಲಯದ ಆಯ್ದ ತೀರ್ಪುಗಳು ಕನ್ನಡದಲ್ಲೂ ದೊರೆಯುತ್ತಿವೆ. ಅನುವಾದದ ಕನ್ನಡ ಕೆಲವೊಮ್ಮೆ ಕಲ್ಲು ಅಗಿದ ಹಾಗಿರುತ್ತದೆ, ಆದರೂ ಕನ್ನಡ.

ಆ ಪೋಷಕರಿಗೆ ನಾನು ಹೇಳಿದ್ದು ಹೀಗೆ. ನಿಮ್ಮದು ಮುನಸೀಫ ಕೋರ್ಟಿನ ಕೆಲಸವಲ್ಲ. ಸದ್ಯಕ್ಕೆ ದೆಹಲಿಯದ್ದೂ ಅಲ್ಲ. ಮೊದಲು ಇಲಾಖೆಗೆ ಬರಹದಲ್ಲಿ ದೂರು ಕೊಡಿ, ಕನ್ನಡದಲ್ಲೇ ಕೊಡಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು 350ನೆಯ ವಿಧಿಯಲ್ಲಿದೆ. ಕೇರಳದ ಅಧಿಕೃತ ಭಾಷಾ ಶಾಸನವೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಪತ್ರವ್ಯವಹಾರಕ್ಕೆ ಅವರವರ ಭಾಷೆಯನ್ನು ಒಪ್ಪಿದೆ. ಕೊಟ್ಟ ಅರ್ಜಿಗೆ ರಶೀದಿ ಪಡೆಯಿರಿ. ಏಕೆಂದರೆ, ಒಂದು ಕಚೇರಿ ತನ್ನ ಕರ್ತವ್ಯ ಮಾಡಲೇಬೇಕೆಂದು ಆಜ್ಞಾಪಿಸುವ ಮ್ಯಾಂಡಮಸ್ ರಿಟ್ಟನ್ನು ಬೇಡಿ ಹೋದಾಗ ಹೈಕೋರ್ಟು ಕೇಳುವ ಮೊದಲ ಪ್ರಶ್ನೆಯೇ, ನೀವು ಕೇಳಿದಿರೋ, ಅವರು ನಿರಾಕರಿಸಿದರೋ ಎಂದು. ಅವರು ಬರೆದ ಅರ್ಜಿ ಒಂದು ಕಚೇರಿಯಿಂದ 'ಮಲಯಾಳದಲ್ಲಿ ಬರೆದು ತನ್ನಿ' ಎಂಬ ಮಾತಿನೊಡನೆ ಹಿಂದೆ ಬಂತು. ನಾವು ಅದೇ ಅರ್ಜಿಯ ಕೆಳಗೆ ಎರಡು ಸಾಲು ಸೇರಿಸಿ, ವಿಧಿಯ ಸಂಖ್ಯೆ ಬರೆದು, ನೋಂದಾಯಿತ ಅಂಚೆಯಲ್ಲಿ ಮತ್ತೆ ಕಳುಹಿಸಿದೆವು. ಕಡತ ಎರ್ನಾಕುಳದವರೆಗೆ ಹೋಗಬೇಕಾಗಿ ಬರಲಿಲ್ಲ. ಮುಂದಿನ ಶಾಲಾ ವರ್ಷಕ್ಕೆ ಕನ್ನಡ ಬಲ್ಲ ಶಿಕ್ಷಕಿಯೊಬ್ಬರು ಬಂದರು. ಆದರೆ ಮಕ್ಕಳ ಒಂದು ವರ್ಷ ಹೋಗಿತ್ತು.

ಕೊನೆಗೆ ನಮ್ಮ ಶಾಲೆಯ ಒಂದು ವಿಚಾರ. 30ನೆಯ ವಿಧಿಯ ರಕ್ಷೆ ಬೇಡಿ ಹೋದ ಶಾಲೆ ತಾನು ಅಲ್ಪಸಂಖ್ಯಾತರಿಂದಲೇ ಸ್ಥಾಪಿತವಾಯಿತೆಂದು ತೋರಿಸಿಕೊಡಬೇಕು. ಕೋರ್ಟು ನಂಬುವುದು ಕಾಗದವನ್ನು. ಊರ ಹಿರಿಯರು ಸೇರಿ ಜಾಗ ಕೊಟ್ಟ ದಾನಪತ್ರ, ಮೊದಲ ಆಡಳಿತ ಸಮಿತಿಯ ನಡವಳಿ ಪುಸ್ತಕ, ಮೊದಲ ದಾಖಲಾತಿ ಪುಸ್ತಕ, ಇವೆಲ್ಲ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯ ಮರದ ಕಪಾಟಿನಲ್ಲಿವೆ. ಮೊನ್ನೆ ತೆರೆಸಿ ನೋಡಿದೆ. ದಾನಪತ್ರದ ಒಂದು ಮಡಿಕೆ ಹರಿದಿದೆ. ನಡವಳಿ ಪುಸ್ತಕದ ಅಂಚನ್ನು ಹುಳ ತಿಂದಿದೆ, ಅಕ್ಷರಗಳಿಗೆ ಇನ್ನೂ ಮುಟ್ಟಿಲ್ಲ. ಇವುಗಳ ದೃಢೀಕೃತ ಪ್ರತಿಗಳನ್ನು ಮಾಡಿಸಿ ಒಂದನ್ನು ಶಾಲೆಯಲ್ಲಿ, ಒಂದನ್ನು ಬ್ಯಾಂಕಿನ ಲಾಕರಿನಲ್ಲಿ ಇಡುವ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ. ಹಳೆಯ ಕೈಬರಹವನ್ನು ಓದಿ ನಕಲು ಮಾಡಬಲ್ಲ ಇಬ್ಬರು ಹಳೆ ವಿದ್ಯಾರ್ಥಿಗಳು ಬೇಕು. ಬರಲೊಪ್ಪುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕು. ಕಪಾಟಿನ ಬೀಗದ ಕೈ ಇವತ್ತು ನನ್ನ ಜೇಬಿನಲ್ಲೇ ಇದೆ.